ಬೆನ್ನ ಹಿಂದಿನ ಕರೆ

ಹೊನ್ನೆದಂಡೆಗೆ ಇಂಟರ್‌ನೆಟ್ ಬಂದ ದಿನ ಊರಿನಲ್ಲಿ ಗೌಜಿ ಎದ್ದದ್ದು ಇಂಟರ್‌ನೆಟ್ಟಿನಿಂದಲ್ಲ, ಪಂಚಾಯ್ತಿಯವರು ಹಂಚಿದ ಬೂಂದಿಲಾಡಿನಿಂದ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಅವರ್ಸಾ ದಾಟಿದ ಮೇಲೆ ಕಡಲ ಕಡೆ ಇಳಿದರೆ ಈ ಕೇರಿ ಸಿಗುತ್ತದೆ. ಮನೆಗಳೆಲ್ಲ ಮೀನುಗಾರರವು. ಮನೆಗಳ ಸಾಲು ಮುಗಿದಲ್ಲಿ ಹೊನ್ನೆಮರಗಳ ಸಾಲು, ಅದರಾಚೆ ಮರಳು, ಮರಳಿನಾಚೆ ನೀರು. ಪಂಚಾಯ್ತಿ ಗ್ರಂಥಾಲಯದ ಚಾವಣಿಯ ಮೇಲೆ ಒಂದು ಬಿಳಿ ಡಬ್ಬಿ ಕೂರಿಸಿ ಅದಕ್ಕೆ ಸೇವಂತಿಗೆ ಮಾಲೆ ಹಾಕಿದ್ದರು. ಕಾರವಾರದಿಂದ ಬಂದ ಸಾಹೇಬರು ಭಾಷಣ ಮಾಡಿದರು. ಜಗತ್ತು ಈಗ ಎರಡು ದಂಡೆಯಾಗಿದೆ, ಇಂಟರ್‌ನೆಟ್ ಇದ್ದವರದ್ದೊಂದು, ಇಲ್ಲದವರದ್ದೊಂದು. ಇವೆರಡರ ನಡುವೆ ಸೇತುವೆ ಕಟ್ಟುವವರು ದಿಲ್ಲಿಯವರಲ್ಲ, ಅಮೆರಿಕದವರಲ್ಲ, ನಿಮ್ಮ ಪಂಚಾಯ್ತಿಯವರೇ, ಎಂದರು. ಹಿಂದೆ ಕೂತ ಮುದುಕರಿಗೆ ಹಳ್ಳ ದಾಟಲು ಹೊಸ ಕಾಲುಸಂಕ ಮಂಜೂರಾಯಿತೇನೋ ಅನಿಸಿ, ಅವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಆ ಸೇತುವೆಯ ಕೆಲಸಕ್ಕೆ ಪಂಚಾಯ್ತಿ ಆರಿಸಿದ್ದು ಲತಾಳನ್ನು. ಅವಳು ಅಂಕೋಲೆಯಲ್ಲಿ ಪಿಯುಸಿ ಓದಿ ಹೊನ್ನೆದಂಡೆಗೆ ಮದುವೆಯಾಗಿ ಬಂದವಳು. ಗಂಡ ಕಿಶನ ಸಣ್ಣ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದ, ಅತ್ತೆ ನಾಗಿ ಅದನ್ನು ಬುಟ್ಟಿಯಲ್ಲಿ ಹೊತ್ತು ಅವರ್ಸಾದ ಮನೆಮನೆಗೆ ಮಾರಿ ಬರುತ್ತಿದ್ದಳು. ಲತಾಳಿಗೆ ಕಾರವಾರದ ಹಬ್ಬುವಾಡದಲ್ಲಿ ತರಬೇತಿ ಕೊಟ್ಟರು. ಅಲ್ಲಿಂದ ಬರುವಾಗ ಕುತ್ತಿಗೆಗೆ ನೀಲಿ ಪಟ್ಟಿಯ ಗುರುತಿನ ಚೀಟಿ ಇತ್ತು. ಅದನ್ನು ನೋಡಿ ಕಿಶನ, "ಈಗ ನಿನ್ನ ಹತ್ರ ಮಾತಾಡೂಕೆ ಅರ್ಜಿ ಕೊಡ್ಬೇಕಾ ಎಂತ?" ಎಂದು ನಕ್ಕಿದ್ದ. ಒಳಗೊಳಗೇ ಹೆಮ್ಮೆ ಅವನಿಗೂ ಇತ್ತು. ದೋಣಿಯವರ ನಡುವೆ ಕೂತಾಗ ಏನೋ ಒಂದು ನೆಪ ಹುಡುಕಿ ಅವಳ ಮಾತು ತೆಗೆಯುತ್ತಿದ್ದ.

ಲತಾ ಕೆಲಸ ಚೆನ್ನಾಗಿಯೇ ಮಾಡಿದಳು. ಮಧ್ಯಾಹ್ನ ಮೀನಿನ ಬುಟ್ಟಿ ಇಳಿಸಿ ಬಂದ ಹೆಂಗಸರನ್ನು ಗ್ರಂಥಾಲಯದಲ್ಲಿ ಕೂರಿಸಿಕೊಂಡು, ಫೋನು ಹೇಗೆ ಹಿಡಿಯಬೇಕು, ಎಲ್ಲಿ ಒತ್ತಬೇಕು ಎಂಬಲ್ಲಿಂದ ಶುರು ಮಾಡಿದಳು. ಅರ್ಧ ಜನಕ್ಕೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಅವಳು ಪಂಚಾಯ್ತಿಯ ಸುದ್ದಿಗಳನ್ನೆಲ್ಲ ತನ್ನ ದನಿಯಲ್ಲೇ ಹೇಳಿ, ಒಮ್ಮೆ ಕನ್ನಡದಲ್ಲಿ ಒಮ್ಮೆ ಕೊಂಕಣಿಯಲ್ಲಿ, ಕೇರಿಯ ಗುಂಪಿಗೆ ಕಳಿಸತೊಡಗಿದಳು. ನೀರು ಎಂದು ಬಿಡುತ್ತಾರೆ, ದಾದಿ ಎಂದು ಬರುತ್ತಾಳೆ, ಕಡಲು ಎಂದು ಕೆಡುತ್ತದೆ, ಎಲ್ಲವೂ ಅವಳ ದನಿಯಲ್ಲೇ. ನಾಗಿಗಂತೂ ಇದು ಮೊದಮೊದಲು ದೊಡ್ಡ ಸೋಜಿಗ. ಸೊಸೆ ಅಡುಗೆಮನೆಯಲ್ಲಿ ನಿಂತು ಆಡಿದ ಮಾತು ಅವರ್ಸಾದ ಪೇಟೆಯಲ್ಲಿ ಕೂತ ತನ್ನ ಸೊಂಟದ ಚೀಲದಲ್ಲಿ ಕೇಳುತ್ತದಲ್ಲ ಎಂದು ಮೀನು ಕೊಳ್ಳಲು ಬಂದವರಿಗೆಲ್ಲ ಕೇಳಿಸುತ್ತಿದ್ದಳು.

"ಇನ್ನು ಯಾರೂ ಕೂಗಿ ಕರೆಯುವ ಕೆಲಸ ಇಲ್ಲ ಆಯಿ," ಎಂದು ಲತಾ ಅತ್ತೆಗೆ ಹೇಳಿಕೊಟ್ಟಿದ್ದಳು. "ಇಲ್ಲಿ ಒತ್ತಿ ಮಾತಾಡಿದ್ರೆ ಸಾಕು. ಅವ್ರು ಎಲ್ಲೇ ಇರ್ಲಿ, ಹೋಗಿ ಮುಟ್ತದೆ."

ಅದಕ್ಕೂ ಮೊದಲು ಕಡಲಿನ ಎಚ್ಚರಿಕೆ ಹೇಳುವ ಕೆಲಸ ಕುಪ್ಪಜ್ಜನದಾಗಿತ್ತು. ಮುದುಕ ಪಂಚಾಯ್ತಿಯ ಕೈಮೈಕು ಹಿಡಿದು ನಸುಕಿನಲ್ಲೇ ದಂಡೆಗೆ ಇಳಿಯುತ್ತಿದ್ದ. ಅವನದ್ದೊಂದು ಕ್ರಮ. ಮನೆಗಳ ಕಡೆಯಿಂದ ಎಂದೂ ಕೂಗುತ್ತಿರಲಿಲ್ಲ. ನೀರಿನ ಅಂಚಿನ ತನಕ ಹೋಗಿ, ಕಡಲಿಗೆ ಬೆನ್ನು ಹಾಕಿ, ದೋಣಿಯ ಕಡೆ ಬರುವವರಿಗೆ ಎದುರಾಗಿ ನಿಂತು ಹೇಳುತ್ತಿದ್ದ. ನೆಟ್ ಬಂದ ಮೇಲೆ ಪಂಚಾಯ್ತಿಯಲ್ಲಿ ಒಂದೇ ಕೆಲಸಕ್ಕೆ ಎರಡು ಏರ್ಪಾಡು ಯಾಕೆಂಬ ಮಾತು ಬಂತು. ಕೈಮೈಕು ಗ್ರಂಥಾಲಯದ ಬೀರುವಿಗೆ ಹೋಯಿತು, ಆಗಸ್ಟ್ ಹದಿನೈದಕ್ಕೆ ಮಾತ್ರ ಹೊರಗೆ ಬಂತು. ಕುಪ್ಪಜ್ಜ ಏನೂ ಹೇಳಲಿಲ್ಲ. ಮುದುಕರನ್ನು ಕೆಲಸ ಬಿಡಿಸುವಾಗ ಅವರು ಏನೂ ಹೇಳದಿದ್ದರೆ ಒಪ್ಪಿದರು ಎಂದು ತಿಳಿಯುವುದು ನಮ್ಮ ಆಫೀಸುಗಳ ರೂಢಿ.

ಕುಪ್ಪಜ್ಜ ಎದುರಿಗೇ ಯಾಕೆ ನಿಲ್ಲುತ್ತಿದ್ದ ಎಂಬುದನ್ನು ಯಾರೂ ಯೋಚಿಸಲಿಲ್ಲ. ಕೇರಿಯವರಿಗೆ ಅದು ಯೋಚಿಸುವ ಸಂಗತಿಯೇ ಆಗಿರಲಿಲ್ಲ, ಪಂಚಾಯ್ತಿಯವರಿಗೆ ಅದು ಗೊತ್ತೇ ಇರಲಿಲ್ಲ. ಕಡಲಿಗೆ ಹೊರಟವನು ಹುಟ್ಟು ಹೆಗಲಿಗೇರಿಸಿ ಹೊಸ್ತಿಲು ದಾಟಿದ ಮೇಲೆ ಅವನನ್ನು ಹಿಂದಿನಿಂದ ಕರೆಯಬಾರದು. ಹೆಸರು ಹಿಡಿದು ಕೂಗಬಾರದು, ಎಲ್ಲಿಗೆಂದು ಕೇಳಬಾರದು. ಕರೆದರೆ ಕಡಲು ಮುನಿಯುತ್ತದೆ. ಅಕಸ್ಮಾತ್ ಯಾರಾದರೂ ಕರೆದುಬಿಟ್ಟರೆ ಅವನು ತಿರುಗಿ ಮನೆಗೆ ಬರಬೇಕು, ಆ ದಿನ ದೋಣಿ ಇಳಿಸುವ ಹಾಗಿಲ್ಲ. ಬುತ್ತಿ ಮರೆತು ಹೋದವನ ಹೆಂಡತಿ ಅದನ್ನು ಹಿಡಿದುಕೊಂಡು ಬಳಸು ದಾರಿಯಲ್ಲಿ ಓಡಿ, ಅವನ ಮುಂದೆ ಹೋಗಿ ನಿಂತು ಕೊಡುತ್ತಾಳೆಯೇ ಹೊರತು ಕೂಗುವುದಿಲ್ಲ. ಲತಾಳೂ ಹಾಗೆ ಓಡಿದವಳೇ.

ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮುಂಚೆ ಸಿಕ್ಕಷ್ಟು ಸಿಗಲಿ ಎಂದು ಕಿಶನ ಹಿಂದಿನ ಸಂಜೆ ಸಿಗಡಿಗೆ ಬಲೆ ಬಿಟ್ಟು ಬಂದಿದ್ದ. ಬೆಳಗಾಗುವಾಗ ಎದ್ದು ಚಾ ಕುಡಿದ. ಮಗಳು ಮಾನಸಾ ಮಲಗಿದ್ದಳು, ಅವಳ ಮೇಲಿನ ಚಾದರ ಸರಿಪಡಿಸಿದ. ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ದಿನವೂ ಜೊತೆಗೆ ಹೋಗುವ ಸಂದೇಶ ಇನ್ನೂ ಬಂದಿರಲಿಲ್ಲ. "ಅವ ದಂಡೆಗೇ ಬರ್ತ," ಎಂದು ಹುಟ್ಟು ಹೆಗಲಿಗಿಟ್ಟು ಹೊರಟ. ಆಕಾಶ ತೊಳೆದಿಟ್ಟ ಹಾಗಿತ್ತು. ಕಡಲು ಅಲುಗದೆ ಮಲಗಿತ್ತು.

ಅವನು ಅಂಗಳ ದಾಟುವಾಗ ಲತಾಳ ಫೋನು ಗುಂಯ್ ಎಂದಿತು. ಪಂಚಾಯ್ತಿಯ ಪಿಡಿಒ ವಿನೋದ ಕಳಿಸಿದ ಸುದ್ದಿ. ಕೆಲವೇ ತಾಸುಗಳಲ್ಲಿ ಗಾಳಿ ಏಳುತ್ತದೆ, ಯಾರೂ ಕಡಲಿಗೆ ಇಳಿಯಕೂಡದು, ಕೂಡಲೇ ತಿಳಿಸಿ ಎಂದಿತ್ತು. ಲತಾ ಅಡುಗೆಮನೆಯಲ್ಲೇ ನಿಂತು ಫೋನು ಬಾಯಿಯ ಹತ್ತಿರ ಹಿಡಿದು ಹೇಳಿದಳು, "ಎಲ್ರೂ ಕೇಳಿ. ಇವತ್ತು ದೋಣಿ ಇಳಿಸ್ಬೇಡಿ. ಗಾಳಿ ಬರ್ತದೆ. ಹೋದವ್ರು ಇದ್ರೆ ತಿರುಗಿ ಬನ್ನಿ." ಕೊಂಕಣಿಯಲ್ಲೂ ಹೇಳಿ ಕಳಿಸಿದಳು. ಕಳಿಸಿ ಹೊರಗೆ ಬಂದು ನೋಡಿದರೆ ಕಿಶನ ಹೊನ್ನೆಮರಗಳ ಹತ್ತಿರವಿದ್ದ. ಬೇಲಿಯಿಂದ ಒಂದು ಕೂಗಿನಷ್ಟು ದೂರ.

ಕೂಗಲು ಬಾಯಿ ತೆರೆದಳು. ಹುಟ್ಟು ಅವನ ಹೆಗಲ ಮೇಲಿತ್ತು, ಬೆನ್ನು ಇವಳ ಕಡೆಗಿತ್ತು. ತೆರೆದ ಬಾಯಿ ಮುಚ್ಚಿಕೊಂಡಳು. ಬಳಸು ದಾರಿಯಲ್ಲಿ ಓಡಿ ಮುಂದೆ ಹೋಗಿ ನಿಲ್ಲಬಹುದಿತ್ತು. ಆದರೆ ಈಗ ಓಡುವುದು ಯಾಕೆ? ಕೈಯಲ್ಲಿ ಫೋನಿತ್ತು. ಅವಳು ಅವನೊಬ್ಬನಿಗೇ ಇನ್ನೊಮ್ಮೆ ಒತ್ತಿ ಹೇಳಿದಳು, "ಕೇಳ್ತಾ? ಹೋಗೂದು ಬೇಡ. ಬಂದ್ಬಿಡಿ." ಫೋನಿನಲ್ಲಿ ಹೇಳಿದ್ದು ಹಿಂದಿನಿಂದ ಕರೆದ ಹಾಗಲ್ಲ ಎಂದು ಅವಳಿಗೆ ಸಮಾಧಾನವೂ ಆಯಿತು. ಕಡಲು ಮುನಿಯುವುದಿಲ್ಲ, ಅವನಿಗೂ ಮುಟ್ಟುತ್ತದೆ. ಅವನು ಮರಗಳಾಚೆ ಇಳಿದು ಮರೆಯಾದ.

ಚಾವಣಿಯ ಬಿಳಿ ಡಬ್ಬಿಯ ನೆಟ್ ಮನೆಗಳ ಬೇಲಿಯ ತನಕ ಮಾತ್ರ ಬರುತ್ತಿತ್ತು. ಅಲ್ಲಿಂದಾಚೆ, ಮರಗಳ ಕಡೆಗಾಗಲಿ ಮರಳಿನಲ್ಲಾಗಲಿ, ಯಾವ ಕಂಪನಿಯ ಸಿಗ್ನಲ್ಲೂ ಮೊದಲಿನಿಂದಲೂ ಇಲ್ಲ. ದಂಡೆಯಲ್ಲಿ ಒಂದು ಕಂಬ ನೆಟ್ಟು ಇನ್ನೊಂದು ಡಬ್ಬಿ ಕೂರಿಸುವುದು ಎರಡನೇ ಹಂತದ ಕೆಲಸ ಎಂದು ಪಂಚಾಯ್ತಿ ಹೇಳಿತ್ತು. ಇದು ಲತಾಳಿಗೆ ಗೊತ್ತಿತ್ತು. ಬೇರೆಯವರಿಗೆ ಅವಳೇ ಹೇಳಿದ್ದಳು ಕೂಡ. ಆದರೆ ವರ್ಷವಿಡೀ ಎಲ್ಲರಿಗೂ ಮುಟ್ಟಿದ ದನಿ ಕಣ್ಣೆದುರಿಗೆ ನಡೆದು ಹೋಗುತ್ತಿರುವ ಗಂಡನಿಗೆ ಮುಟ್ಟುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳ ತಲೆಗೆ ಬರಲೇ ಇಲ್ಲ.

ಅಷ್ಟರಲ್ಲಿ ಗುಂಪಿನಿಂದ ಒಂದೊಂದೇ ಉತ್ತರ ಬರತೊಡಗಿತು. ಕೆಲವರು ಕೈ ಮುಗಿದರು, ಕೆಲವರು ಹೆಬ್ಬೆರಳು ಎತ್ತಿದರು, ಗಂಗೂ ಎಂಬವಳು ತನ್ನ ಗಂಡ ಎದ್ದೇ ಇಲ್ಲ, ಹೀಗೇ ಮಲಗಿರಲಿ ಎಂದು ನಗುತ್ತ ಹೇಳಿದಳು. ಲತಾ ಎಲ್ಲರಿಗೂ ಉತ್ತರ ಕೊಟ್ಟಳು. ಯಾರು ಕೇಳಿದರು, ಯಾರು ಕೇಳಲಿಲ್ಲ ಎಂದು ನೋಡುತ್ತ ಬಂದಳು. ಎಲ್ಲರೂ ಕೇಳಿದ್ದರು, ಒಬ್ಬನ ಹೊರತು.

ಅವಳು ದಂಡೆಗೆ ಓಡಿ ಬಂದಾಗ ದೋಣಿ ಬಲು ದೂರದಲ್ಲಿತ್ತು, ಸಂದೇಶನಿಗೆ ಕಾಯದೆ ಕಿಶನ ಒಬ್ಬನೇ ಹೊರಟಿದ್ದ. ಆಗ ಕೂಗಿದಳು. ಹೆಸರು ಹಿಡಿದೇ ಕೂಗಿದಳು, ಗಂಟಲು ಹರಿಯುವ ತನಕ ಕೂಗಿದಳು. ಅವನು ತಿರುಗಲಿಲ್ಲ. ಕೂಗು ಕೇಳಿ ಹೊರಗೆ ಬಂದ ಸಂದೇಶ ಅವಳ ಪಕ್ಕದಲ್ಲಿ ನಿಂತು, "ನಿಮ್ಮ ಮಾತು ಕೇಳಿ ನಾ ಹೊರಡ್ಲೇ ಇಲ್ಲ ಅಕ್ಕಾ. ನಿಮ್ಮ ಮನೆಯವ್ರಿಗೇ ಗೊತ್ತಿಲ್ದೇ ಇರ್ತದಾ ಅಂದ್ಕಂಡೆ," ಎಂದ. ಮೋಟಾರಿದ್ದ ದೋಣಿ ತರಲು ಅವನು ಓಡಿದ. ಅದು ಬರುವುದರೊಳಗೆ ಪಡುವಣದಲ್ಲಿ ಕಪ್ಪು ಏರಿ ಗಾಳಿ ಬಂತು.

ಕಿಶನ ಸಿಕ್ಕಿದ್ದು ಗಂಗಾವಳಿ ಕಡಲಿಗೆ ಸೇರುವ ಕಡೆ, ದೋಣಿ ಸಿಕ್ಕ ಮೇಲೆ. ಅದನ್ನು ಹೆಚ್ಚು ಹೇಳುವುದು ಬೇಡ. ಕಡಲ ದಂಡೆಯ ಜನಕ್ಕೆ ಅದು ಹೇಗಿರುತ್ತದೆ ಎಂದು ಗೊತ್ತು, ಉಳಿದವರಿಗೆ ಗೊತ್ತಾಗುವುದು ಬೇಡ.

ಸೂತಕದ ದಿನ ಮುಗಿದ ಮೇಲೆ ಜನ ಒಬ್ಬೊಬ್ಬರೇ ಲತಾಳ ಮನೆಗೆ ಬಂದರು. ಬಂದವರು ಅತ್ತರು, ಅತ್ತ ಮೇಲೆ ಏನಾದರೂ ಒಳ್ಳೆಯದು ಹೇಳಬೇಕಲ್ಲ ಎಂದು, "ನಿನ್ನ ದನಿ ಕೇಳಿ ನಮ್ಮನೆ ಗಂಡಸ್ರು ಉಳ್ದ್ರು," ಎಂದರು. ಗಂಗೂ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೈಯನ್ನು ಕಿತ್ತುಕೊಳ್ಳಬೇಕು ಅನಿಸಿತು ಲತಾಳಿಗೆ. ಊರಿನ ಗಂಡಸರೆಲ್ಲ ಅವಳಿಂದ ಉಳಿದಿದ್ದರು, ಅವಳ ಗಂಡನೊಬ್ಬನನ್ನು ಬಿಟ್ಟು. ಈ ಲೆಕ್ಕವನ್ನು ಯಾವ ದೇವರ ಮುಂದೆ ಇಟ್ಟು ಕೇಳುವುದು?

ಬೇಲಿಯ ಹತ್ತಿರ ನಿಂತು ಬಾಯಿ ತೆರೆದದ್ದನ್ನೂ ಮುಚ್ಚಿದ್ದನ್ನೂ ಅವಳು ಯಾರಿಗೂ ಹೇಳಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನಾಗಿಗೆ ಹೇಳಲಿಲ್ಲ. ಇದ್ದೊಬ್ಬ ಮಗನನ್ನು ಕಳೆದುಕೊಂಡ ಮುದುಕಿಗೆ, ಒಂದು ಕೂಗಿನಲ್ಲಿ ಉಳಿಯುತ್ತಿದ್ದ ಎಂದು ಯಾವ ಬಾಯಿಂದ ಹೇಳುವುದು? ನಾಗಿಯೂ ಏನೂ ಕೇಳಲಿಲ್ಲ. ಬುಟ್ಟಿ ಹೊತ್ತು ಹೋಗುವುದನ್ನು ಬಿಟ್ಟಿದ್ದಳು. ಬಾವಿಕಟ್ಟೆಯ ಕಡೆಗೂ ಹೋಗುತ್ತಿರಲಿಲ್ಲ, ನೀರು ಸೇದುವ ಕೆಲಸ ಪೂರ್ತಿ ಲತಾಳ ಪಾಲಿಗೆ ಬಂತು. ವಯಸ್ಸಾಯಿತು, ದುಃಖಕ್ಕೆ ಕೈಸೋತಿದೆ ಎಂದುಕೊಂಡಳು ಲತಾ.

ಗಣೇಶ ಚೌತಿ ಕಳೆದ ಮೇಲೆ ಒಂದು ದಿನ ವಿನೋದ ಮನೆಗೆ ಬಂದ. ಕೆಟ್ಟ ಮನುಷ್ಯನಲ್ಲ. ದೋಣಿ ಹುಡುಕುವಾಗ ಕೇರಿಯವರ ಜೊತೆ ತಾನೂ ಮಳೆಯಲ್ಲಿ ನಿಂತಿದ್ದ. ಹೊರದೇಶಗಳ ಒಂದು ಸಂಸ್ಥೆಯವರು ಕಾರವಾರಕ್ಕೆ ಬರುತ್ತಿದ್ದಾರೆ, ಹಳ್ಳಿ ಪಂಚಾಯ್ತಿಯೊಂದು ಇಂಟರ್‌ನೆಟ್ಟನ್ನು ಬಡವರ ಮನೆಗೆ ಹೇಗೆ ಮುಟ್ಟಿಸಿತು ಎಂದು ನೋಡುವವರು. ಹೊನ್ನೆದಂಡೆಯ ಕೆಲಸವನ್ನು ಆಫ್ರಿಕಾದಲ್ಲೂ ಮಾಡುವ ಯೋಚನೆ ಇದೆಯಂತೆ. ಪಂಚಾಯ್ತಿ ವರದಿ ಬರೆದಿದೆ, ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಬೇಕು.

"ಅದ್ರಲ್ಲಿ ಇವ್ರ ಬಗ್ಗೆ ಎಂತ ಬರ್ದಿದ್ರಿ?" ಲತಾ ಕೇಳಿದಳು.

ವಿನೋದ ಚಾ ಲೋಟವನ್ನು ಕೆಳಗಿಟ್ಟ. "ಎಚ್ಚರಿಕೆ ಎಲ್ರಿಗೂ ಮುಟ್ಟಿದೆ ಅಂತ ಬರೀಲೇಬೇಕು ಲತಾಬಾಯಿ. ಒಬ್ರು ಅದನ್ನ ಲೆಕ್ಕಿಸ್ದೇ ಹೋದ್ರು ಅಂತ ಬರ್ದಿದೀನಿ. ಹೆಸರು ಹಾಕ್ಲಿಲ್ಲ. ಮುಟ್ಲಿಲ್ಲ ಅಂತ ಬರೆದ್ರೆ ಎರಡನೇ ಹಂತ ನಿಲ್ತದೆ. ದಂಡೆಗೆ ಕಂಬ ಬರೂದೇ ಇಲ್ಲ. ಇನ್ನೊಬ್ರು ಹೀಗೆ ಹೋಗ್ಬಾರ್ದು ಅಂದ್ರೆ ಆ ಕಂಬ ಬೇಕಲ್ಲ?"

ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅದೇ ಅದರ ಕೇಡು. ಆ ಸಂಜೆಯೆಲ್ಲ ಲತಾ ಒಲೆಯ ಮುಂದೆ ಕೂತಳು. ಹೆಂಡತಿ ಊರಿಗೆಲ್ಲ ಎಚ್ಚರಿಕೆ ಹೇಳಿದರೂ ಗಂಡ ಕಿವಿಗೆ ಹಾಕಿಕೊಳ್ಳದೆ ಹೋಗಿ ಸತ್ತ ಎಂದು ನಾಳೆ ಊರು ಹೇಳುತ್ತದೆ, ಊರಿನ ಹಿಂದೆ ಹೊರದೇಶವೂ ಹೇಳುತ್ತದೆ, ಮಾನಸಾ ದೊಡ್ಡವಳಾದ ಮೇಲೆ ಅವಳಿಗೂ ಯಾರಾದರೂ ಹೇಳುತ್ತಾರೆ. ಅವನು ಅವಳ ಮಾತು ಮೀರಿದವನೇ ಅಲ್ಲ. ಹಾಗಲ್ಲ ಎಂದು ಹೇಳಬೇಕಾದರೆ ಬೇಲಿಯ ಹತ್ತಿರ ನಡೆದದ್ದನ್ನು ಹೇಳಬೇಕು, ನಾಗಿಯ ಎದುರಿಗೇ ಹೇಳಬೇಕು. ಸತ್ತವನ ಮೇಲೆ ತಪ್ಪು ಹೊರಿಸಿ ಬದುಕುವುದು ಸುಲಭವಿತ್ತು. ಅಷ್ಟು ಸುಲಭವಾಗಿದ್ದಕ್ಕೇ ಅವಳಿಗೆ ಹೇಸಿಗೆಯಾಯಿತು.

ಗ್ರಾಮಸಭೆ ಗ್ರಂಥಾಲಯದಲ್ಲೇ ನಡೆಯಿತು. ಹೆಂಗಸರ ಸಾಲಿನಲ್ಲಿ ನಾಗಿ ಗೋಡೆಗೆ ಒರಗಿ ಕೂತಿದ್ದಳು. ಕುಪ್ಪಜ್ಜ ಬಾಗಿಲ ಹತ್ತಿರವಿದ್ದ. ವಿನೋದ ವರದಿ ಓದಿದ. ಆ ಸಾಲು ಬಂದಾಗ ಅವನ ದನಿ ತಗ್ಗಿತು. ಜನ ತಲೆ ಆಡಿಸಿದರು, ಕೆಲವರು ಉಸಿರು ಬಿಟ್ಟರು. "ಹಣೆಬರಹ, ಎಂತ ಮಾಡೂದು," ಎಂದ ಯಾರೋ. ಒಪ್ಪಿಗೆಯೇ ಎಂದು ವಿನೋದ ಕೇಳುವಾಗ ಲತಾ ಎದ್ದು ನಿಂತಳು.

"ಅದು ಸುಳ್ಳು," ಎಂದಳು. "ಅವ್ರಿಗೆ ಮುಟ್ಲೇ ಇಲ್ಲ. ಬೇಲಿ ದಾಟಿದ್ರೆ ನೆಟ್ ಇಲ್ಲ, ನಿಮಗೆಲ್ಲ ಗೊತ್ತದೆ. ನಾ ಬೇಲಿ ಹತ್ರ ಇದ್ದೆ. ಅವ್ರು ಅಲ್ಲೇ ಇದ್ರು, ಆ ಹೊನ್ನೆಮರದ ಹತ್ರ. ಒಂದು ಸಲ ಕರೆದಿದ್ರೆ ಕೇಳ್ತಿತ್ತು. ಹುಟ್ಟು ಹೆಗಲ ಮೇಲಿತ್ತು, ಹಿಂದಿಂದ ಕರೀಬಾರ್ದು ಅಂತ ನಾ ಕರೀಲಿಲ್ಲ. ಫೋನಲ್ಲಿ ಹೇಳ್ದೆ." ಎಷ್ಟೋ ತಿಂಗಳಿಂದ ಒಳಗೇ ಹೇಳಿಕೊಂಡು ಆ ಮಾತು ಸವೆದಿತ್ತು. "ತಪ್ಪು ಬರೆಯೂದಾದ್ರೆ ನನ್ನ ಹೆಸರಲ್ಲಿ ಬರೀರಿ. ಅವ್ರ ಮೇಲೆ ಬೇಡ."

ಕರೆಯಬೇಕಿತ್ತು ಎಂದು ಹೇಳುವ ಧೈರ್ಯ ಅಲ್ಲಿದ್ದ ಒಬ್ಬ ಹೆಂಗಸಿಗೂ ಇರಲಿಲ್ಲ. ಅವರಲ್ಲಿ ಯಾರೂ ಕರೆಯುತ್ತಿರಲಿಲ್ಲ. ವಿನೋದ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿ, ಒಬ್ಬರಿಗೆ ಎಚ್ಚರಿಕೆ ಮುಟ್ಟಿರಲಿಲ್ಲ ಎಂದು ಬರೆದ. ಕಂಬ ಬರುತ್ತದೋ ಇಲ್ಲವೋ ಎಂದು ಆಗ ಯಾರೂ ಕೇಳಲಿಲ್ಲ. ಕುಪ್ಪಜ್ಜ ಎದ್ದು ಹೋಗಿ ಬೀರು ತೆರೆದು ಕೈಮೈಕನ್ನು ತೆಗೆದುಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಮನೆಗೆ ನಡೆದ. ಲತಾ ತಿರುಗಿ ನೋಡಿದರೆ ಗೋಡೆಯ ಹತ್ತಿರ ನಾಗಿ ಇರಲಿಲ್ಲ.

ಮನೆಯ ದಾರಿ ಲತಾಳಿಗೆ ಅಷ್ಟು ಉದ್ದವೆಂದು ಯಾವತ್ತೂ ಅನಿಸಿರಲಿಲ್ಲ. ಅತ್ತೆ ಬಾಗಿಲು ಹಾಕಿಕೊಂಡಿರಬಹುದು, ಬಟ್ಟೆಯ ಗಂಟನ್ನು ಹೊರಗೆ ಇಟ್ಟಿರಬಹುದು. ಇಟ್ಟಿದ್ದರೆ ಮಾನಸಾಳನ್ನು ಕರೆದುಕೊಂಡು ತವರಿಗೆ ಹೋಗುವುದು, ಒಂದು ಮಾತೂ ಎದುರಾಡದೆ ಹೋಗುವುದು, ಎಂದು ನಿಶ್ಚಯಿಸಿಕೊಂಡೇ ಅಂಗಳಕ್ಕೆ ಕಾಲಿಟ್ಟಳು.

ನಾಗಿ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಆ ಸಾವಿನ ನಂತರ ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು.

"ಬಾ, ಕೂತ್ಕ," ಎಂದಳು. ಲತಾ ಕೂರಲಿಲ್ಲ, ಎದುರಿಗೆ ನಿಂತಳು.

"ನಾ ಇಲ್ಲೇ ಇದ್ದೆ ಆ ದಿನ," ಎಂದಳು ನಾಗಿ. "ಕೊಡಪಾನ ತುಂಬ್ತಿದ್ದೆ. ಒಳಗಿಂದ ನಿನ್ನ ದನಿ ಕೇಳ್ತು, ದೋಣಿ ಇಳಿಸ್ಬೇಡಿ ಅಂತ. ಆಗಷ್ಟೇ ಅವ ನನ್ನ ಬಗಲಲ್ಲೇ ದಾಟಿ ಹೋಗಿದ್ದ, ಅವಂಗೆ ಒಳಗಿನ ಮಾತು ಕೇಳ್ಲಿಲ್ಲ. ಕೈ ಚಾಚಿದ್ರೆ ಅಂಗಿ ಸಿಗ್ತಿತ್ತು."

ಲತಾ ಕಟ್ಟೆಯ ಕಲ್ಲನ್ನು ಹಿಡಿದುಕೊಂಡಳು.

"ನಾನೂ ಕರೀಲಿಲ್ಲ. ಫೋನಲ್ಲಿ ಹೇಳ್ದ್ರೆ ಎಲ್ಲಿದ್ರೂ ಮುಟ್ತದೆ ಅಂತ ನೀ ಹೇಳ್ಕೊಟ್ಟಿದ್ದೆ. ಮುಟ್ತದೆ ಅಂದ್ಕಂಡೆ. ಮರದ ತನಕ ಹೋಗಿ ಈಗ ತಿರುಗ್ತ, ಈಗ ತಿರುಗ್ತ ಅಂತ ನೋಡ್ತಾ ನಿಂತೆ." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀ ಬೇಲಿ ಹತ್ರ ನಿಂತದ್ದೂ ಕಂಡಿತ್ತು ನಂಗೆ. ಇಷ್ಟು ದಿನ ನೀ ಅನ್ನ ಬಡಿಸುವಾಗೆಲ್ಲ ಹೇಳ್ಬೇಕು ಅಂತ ಬಾಯಿಗೆ ಬರ್ತಿತ್ತು. ಹೇಳಿದ್ರೆ ನೀ ನನ್ನ ಬಿಟ್ಟು ಹೋಗ್ತೆ ಅಂತ ಹೆದ್ರಿಕೆ."

ಲತಾ ಕೆಳಗೆ ಕೂತುಬಿಟ್ಟಳು. ಅಳು ಬಂತು, ಗ್ರಂಥಾಲಯದಲ್ಲಿ ಬಾರದ್ದೆಲ್ಲ ಒಟ್ಟಿಗೇ ಬಂತು. ನಾಗಿ ಅವಳ ತಲೆಯನ್ನು ತನ್ನ ಮೊಣಕಾಲಿಗೆ ಎಳೆದುಕೊಂಡಳು. ಬಹಳ ಹೊತ್ತಿನ ಮೇಲೆ, ಅಳುವ ಸೊಸೆಗೆ ಹೇಳುವಂತೆಯೂ ಅಲ್ಲ, ತನಗೇ ಹೇಳಿಕೊಳ್ಳುವಂತೆಯೂ ಅಲ್ಲ, ಸುಮ್ಮನೆ ಹೇಳಿದಳು.

"ನೀ ಕರೆದಿದ್ರೆ ನಾ ನಿಂಗೆ ಬೈತಿದ್ದೆ. ನಾ ಕರೆದಿದ್ರೆ ಅವ ನಂಗೆ ಬೈತಿದ್ದ. ಸಿಟ್ಟಲ್ಲಿ ತಿರುಗಿ ಬಂದು, ಹುಟ್ಟನ್ನ ಜಗಲಿ ಮೇಲೆ ಬಿಸಾಕಿ, ಇನ್ನೊಂದು ಸಲ ಚಾ ಕೇಳ್ತಿದ್ದ. ಅಷ್ಟೇ ಆಗ್ತಿತ್ತು, ಲತಾ. ಅಷ್ಟೇ."